ದುಡಿಮೆಯನ್ನು ಕೇಳದ ಅಳತೆಗೋಲು

ಕೂಲಿ, ಬೋನಸ್ಸು, ಹತ್ತಿಯ ಧಾರಣೆ, ಅಂಗಡಿ ಬಾಡಿಗೆ, ತೆರಿಗೆ: ಇವು ಈ ಪುಟದ ವಾಡಿಕೆಯ ವಿಷಯಗಳು. ಈ ವಾರ ನಾವು ಕ್ಯಾನ್ಸರ್ ಚಿಕಿತ್ಸೆಯ ಅಡ್ಡಪರಿಣಾಮಗಳನ್ನು ಕುರಿತು, ಅದರಲ್ಲಿಯೂ ಆ ಪರಿಣಾಮಗಳನ್ನು ಆಸ್ಪತ್ರೆಗಳಲ್ಲಿ ಅಳೆಯುವ ಒಂದು ಅಳತೆಗೋಲನ್ನು ಕುರಿತು ಬರೆಯಹೊರಟಿದ್ದೇವೆ. ಇದು ಡಾಕ್ಟರುಗಳ ಮಾತು, ಗಿರಣಿಯವರಿಗೂ ಅಂಗಡಿಯವರಿಗೂ ಇದರಿಂದ ಏನಾಗಬೇಕು ಎಂದು ಕೆಲವರು ಕೇಳಿಯಾರು. ನಮ್ಮ ಉತ್ತರ: ಇದೂ ಕೂಲಿಯ ಪ್ರಶ್ನೆಯೇ. ಔಷಧವು ರೋಗವನ್ನು ಹಿಮ್ಮೆಟ್ಟಿಸಿತು, ಆದರೆ ಬೆರಳುಗಳು ಜೋಮು ಹಿಡಿದು ಹರಿದ ನೂಲಿನ ಎಳೆಯನ್ನು ಕಟ್ಟಲಾರದೆ ಹೋದವು ಎಂದಾದರೆ, ಆ ನಷ್ಟವನ್ನು ಯಾರು, ಯಾವ ಲೆಕ್ಕದಲ್ಲಿ ಬರೆದಿಡುತ್ತಾರೆ? ಬರೆದಿಡದ ನಷ್ಟಕ್ಕೆ ಪರಿಹಾರವಿಲ್ಲ ಎಂಬುದನ್ನು ಕಾರ್ಮಿಕನಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಊರಿಗೊಂದು ಸೇರು

ಮೊದಲು ಈ ಅಳತೆಗೋಲಿನ ಗುಣವನ್ನು ಹೇಳುವುದು ನ್ಯಾಯ. ಹಿರಿಯ ವ್ಯಾಪಾರಿಗಳಿಗೆ ಸೇರು, ಮಣ, ತೊಲಗಳ ಕಾಲ ನೆನಪಿರಬಹುದು. ಕಿರಿಯರು ಮನೆಯ ಹಿರಿಯರ ಬಾಯಿಂದ ಕೇಳಿರಬಹುದು. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸರಿಹೋಗುತ್ತಿರಲಿಲ್ಲ. ಆ ವ್ಯತ್ಯಾಸದಲ್ಲಿ ಲಾಭ ಮಾಡಿಕೊಂಡವನು ದೊಡ್ಡ ಸಾಹುಕಾರ, ಕಳೆದುಕೊಂಡವನು ರೈತ ಮತ್ತು ಚಿಲ್ಲರೆ ಗಿರಾಕಿ. 1956ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದು, 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಜಾರಿಯಾದ ಮೇಲೆ ದೇಶಕ್ಕೆಲ್ಲ ಒಂದೇ ತಕ್ಕಡಿಯಾಯಿತು. ಒಂದೇ ಅಳತೆ ಎಂಬುದು ಬಡವನ ರಕ್ಷಣೆಗೆ ಬಂದ ಸಾಧನ.

ಕ್ಯಾನ್ಸರಿನ ಔಷಧಗಳ ಲೋಕದಲ್ಲಿಯೂ ಇದೇ ನಡೆಯಿತು. ಯುದ್ಧದ ವಿಷಾನಿಲಕ್ಕೆ ಸಂಬಂಧಿಸಿದ ನೈಟ್ರೋಜನ್ ಮಸ್ಟರ್ಡ್ ಎಂಬ ರಾಸಾಯನಿಕವನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಒಬ್ಬ ರೋಗಿಗೆ ಕೊಟ್ಟು ನೋಡಿದ ಕಾಲದಿಂದಲೂ ಒಂದು ಸಂಗತಿ ಗೊತ್ತಿತ್ತು. ಈ ಔಷಧಗಳು ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತವೆ. ಕ್ಯಾನ್ಸರಿನ ಕೋಶಗಳ ಜೊತೆಗೆ ಬಾಯಿಯ ಒಳಪದರ, ಕರುಳು, ಕೂದಲಿನ ಬೇರು, ಎಲುಬಿನ ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಆ ಪೆಟ್ಟು ಎಷ್ಟೆಂದು ಹೇಳಲು ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಮಾತು. ಒಬ್ಬ ಡಾಕ್ಟರಿಗೆ ‘ಸ್ವಲ್ಪ’ ಎನಿಸಿದ್ದು ಇನ್ನೊಬ್ಬರಿಗೆ ‘ವಿಪರೀತ’. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಕೈಪಿಡಿಯನ್ನು ಹೊರಡಿಸಿ, ಸೊನ್ನೆಯಿಂದ 4ರವರೆಗೆ ದರ್ಜೆಗಳನ್ನು ಗೊತ್ತುಮಾಡಿತು. 1983ರಲ್ಲಿ ಅಮೆರಿಕ ಸರಕಾರದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ತನ್ನದೊಂದು ಪಟ್ಟಿಯನ್ನು ಮಾಡಿತು. ಆಗ ಅದರಲ್ಲಿದ್ದ ಅಡ್ಡಪರಿಣಾಮಗಳು ಸುಮಾರು 50. 2017ರಲ್ಲಿ ಹೊರಬಂದ ಐದನೆಯ ಆವೃತ್ತಿಯಲ್ಲಿ 800ಕ್ಕೂ ಹೆಚ್ಚು. ಜಗತ್ತಿನ ಬಹುತೇಕ ಔಷಧ ಪ್ರಯೋಗಗಳಲ್ಲಿ, ನಮ್ಮ ದೇಶದ ಪ್ರಯೋಗಗಳಲ್ಲಿಯೂ, ಈಗ ಬಳಕೆಯಲ್ಲಿರುವುದು ಈ ಪಟ್ಟಿಯೇ.

ಐದು ಮೆಟ್ಟಿಲುಗಳು

ಪಟ್ಟಿಯ ಕ್ರಮ ಸುಲಭವಾಗಿದೆ. ಒಂದನೆಯ ದರ್ಜೆ ಎಂದರೆ ಸೌಮ್ಯ. ನೋಡಿಕೊಂಡಿದ್ದರೆ ಸಾಕು, ಔಷಧ ಬೇಡ. ಎರಡನೆಯದು ಮಧ್ಯಮ, ಸಣ್ಣಪುಟ್ಟ ಉಪಚಾರ ಬೇಕು. ಮೂರನೆಯದು ತೀವ್ರ, ಆಸ್ಪತ್ರೆಗೆ ಸೇರಿಸುವ ಮಟ್ಟದ್ದು, ಆದರೆ ತಕ್ಷಣಕ್ಕೆ ಪ್ರಾಣಾಪಾಯವಿಲ್ಲ. ನಾಲ್ಕನೆಯದು ಪ್ರಾಣಾಪಾಯ. ಐದನೆಯದು ಮರಣ.

ಕೆಲವು ಪರಿಣಾಮಗಳಿಗೆ ಖಚಿತವಾದ ಅಂಕಿಗಳಿವೆ. ಭೇದಿಯನ್ನು ತೆಗೆದುಕೊಳ್ಳಿ. ವಾಡಿಕೆಗಿಂತ ದಿನಕ್ಕೆ ನಾಲ್ಕಕ್ಕೂ ಕಡಿಮೆ ಸಲ ಹೆಚ್ಚಾದರೆ ಒಂದನೆಯ ದರ್ಜೆ. ನಾಲ್ಕರಿಂದ ಆರು ಸಲ ಹೆಚ್ಚಾದರೆ ಎರಡನೆಯದು. ಏಳು ಅಥವಾ ಅದಕ್ಕೂ ಮೇಲಾದರೆ ಮೂರನೆಯದು. ದೇಹದ ತೂಕ ನೂರಕ್ಕೆ 5ರಷ್ಟು ಇಳಿದರೆ ಒಂದನೆಯ ದರ್ಜೆ, 10ರಷ್ಟಾದರೆ ಎರಡನೆಯದು, 20ರಷ್ಟಾದರೆ ಮೂರನೆಯದು. ಆಯಾಸಕ್ಕೂ ದರ್ಜೆ ಉಂಟು: ವಿಶ್ರಾಂತಿಯಿಂದ ಹೋಗುವ ಆಯಾಸ ಒಂದನೆಯದು, ವಿಶ್ರಾಂತಿಯಿಂದಲೂ ಹೋಗದೆ ದಿನದ ವ್ಯವಹಾರಕ್ಕೆ ಅಡ್ಡಬಂದರೆ ಎರಡನೆಯದು.

ಒಂದು ಪರಿಣಾಮವನ್ನು ಮಾತ್ರ ಎಲ್ಲ ಓದುಗರೂ ನೆನಪಿಡಬೇಕು. ಕಿಮೋ ಔಷಧದಿಂದ ರಕ್ತದ ಬಿಳಿಕಣಗಳು ಕುಸಿದಿರುವಾಗ ಬರುವ ಜ್ವರಕ್ಕೆ ಈ ಪಟ್ಟಿಯಲ್ಲಿ ಒಂದನೆಯ ಮತ್ತು ಎರಡನೆಯ ದರ್ಜೆಗಳೇ ಇಲ್ಲ. ಅದು ಶುರುವಾಗುವುದೇ ಮೂರರಿಂದ. ಎಂದರೆ ಅದರಲ್ಲಿ ‘ಸಣ್ಣ ಜ್ವರ’ ಎಂಬುದಿಲ್ಲ. ಕಿಮೋ ನಡೆಯುತ್ತಿರುವವರಿಗೆ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಂಗಡಿಯಿಂದ ಒಂದು ಜ್ವರದ ಮಾತ್ರೆ ತಂದು ನುಂಗಿ ಬೆಳಗಾಗಲೆಂದು ಕಾಯುವುದು ಪ್ರಾಣದೊಡನೆ ಆಡುವ ಜೂಜು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಯಾರಿಗಾಗಿ ಮಾಡಿದ ಅಳತೆ?

ಇಷ್ಟರವರೆಗೆ ನಮ್ಮ ತಕರಾರಿಲ್ಲ. ತಕರಾರು ಬರುವುದು ಎರಡನೆಯ ದರ್ಜೆಯ ಹೊಸ್ತಿಲಲ್ಲಿ.

ಅಂಕಿಯಿಂದ ಎಣಿಸಲು ಬಾರದ ನೋವು, ಜೋಮು, ಆಯಾಸಗಳನ್ನು ಅಳೆಯುವುದು ಹೇಗೆ? 2009ರ ನಾಲ್ಕನೆಯ ಆವೃತ್ತಿಯಿಂದ ಈಚೆಗೆ ಪಟ್ಟಿಯು ದಿನನಿತ್ಯದ ಚಟುವಟಿಕೆಗಳನ್ನು ಎರಡು ಭಾಗ ಮಾಡಿದೆ. ಅಡುಗೆ ಮಾಡುವುದು, ದಿನಸಿ ಮತ್ತು ಬಟ್ಟೆ ಕೊಳ್ಳುವುದು, ಟೆಲಿಫೋನ್ ಬಳಸುವುದು, ಹಣಕಾಸು ನೋಡಿಕೊಳ್ಳುವುದು, ಇತ್ಯಾದಿ: ಇವಕ್ಕೆ ಅಡ್ಡಿಯಾದರೆ ಎರಡನೆಯ ದರ್ಜೆ. ಸ್ನಾನ, ಬಟ್ಟೆ ಉಡುವುದು, ಊಟ, ಶೌಚ, ಔಷಧ ತೆಗೆದುಕೊಳ್ಳುವುದು: ಇವಕ್ಕೆ ಅಡ್ಡಿಯಾದರೆ ಮೂರನೆಯ ದರ್ಜೆ.

ಈ ಎರಡು ಸಾಲುಗಳನ್ನು ಇನ್ನೊಮ್ಮೆ ಓದಿರಿ. ಮಗ್ಗದ ಮುಂದೆ ಎಂಟು ಗಂಟೆ ನಿಲ್ಲುವುದು ಎಲ್ಲಿದೆ? ಮೂಟೆ ಹೊರುವುದು, ಹೊಲಿಗೆ ಯಂತ್ರ ತುಳಿಯುವುದು, ತಕ್ಕಡಿ ಹಿಡಿಯುವುದು, ಗಾಡಿ ತಳ್ಳುವುದು ಎಲ್ಲಿದೆ? ಸಾಮಾನು ಕೊಳ್ಳುವವನ ಕಷ್ಟ ಪಟ್ಟಿಯಲ್ಲಿದೆ, ಮಾರುವವನ ಕಷ್ಟವಿಲ್ಲ. ಹಣ ನೋಡಿಕೊಳ್ಳುವುದು ಉಂಟು, ಹಣ ಗಳಿಸುವುದಿಲ್ಲ.

ಇದು ಯಾರೋ ಬೇಕೆಂದು ಮಾಡಿದ ದ್ರೋಹವೆಂದು ನಾವು ಹೇಳುವುದಿಲ್ಲ. ಇದರ ಹಿಂದೊಂದು ಚರಿತ್ರೆಯಿದೆ. ಸ್ನಾನ, ಉಡುಗೆ, ಊಟ, ಶೌಚಗಳ ಅಳತೆಯನ್ನು ಅಮೆರಿಕದಲ್ಲಿ ಸಿಡ್ನಿ ಕಾಟ್ಜ್ ಮತ್ತು ಅವರ ಸಂಗಡಿಗರು 1963ರಲ್ಲಿ ಪ್ರಕಟಿಸಿದರು. ಟೆಲಿಫೋನು, ಖರೀದಿ, ಅಡುಗೆ, ಹಣಕಾಸುಗಳ ಅಳತೆಯನ್ನು ಲಾಟನ್ ಮತ್ತು ಬ್ರಾಡಿ 1969ರಲ್ಲಿ ಪ್ರಕಟಿಸಿದರು. ಎರಡೂ ವೃದ್ಧರ ಸ್ಥಿತಿಗತಿಯನ್ನು ಅರಿಯಲು ಮಾಡಿದವು. ದುಡಿದು ಮುಗಿಸಿ ಮನೆಯಲ್ಲಿರುವ ಮುದುಕರಿಗೆ ‘ಇವತ್ತು ಪಾಳಿಗೆ ಹೋಗಬಲ್ಲಿರಾ’ ಎಂದು ಕೇಳುವುದು ಅಸಂಬದ್ಧ. ಆದುದರಿಂದ ಆ ಪ್ರಶ್ನೆ ಅಲ್ಲಿರಲಿಲ್ಲ. ಅದೇ ಕೋಲನ್ನು ತಂದು ನಲವತ್ತು ವರ್ಷದ ನೇಕಾರನ ಪಕ್ಕದಲ್ಲಿ ನಿಲ್ಲಿಸಿದಾಗ ಮಾತ್ರ ಅದು ಗಿಡ್ಡವಾಗಿ ಕಾಣುತ್ತದೆ.

ಸೋಜಿಗವೆಂದರೆ, ಇದಕ್ಕಿಂತ ಹಳೆಯದಾದ ಇನ್ನೊಂದು ಅಳತೆ ದುಡಿಮೆಯನ್ನು ಮರೆತಿರಲಿಲ್ಲ. 1940ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಡಾಕ್ಟರ್ ಕಾರ್ನೋಫ್ಸ್ಕಿ ಮತ್ತು ಸಂಗಡಿಗರು ಕ್ಯಾನ್ಸರ್ ರೋಗಿಯ ಒಟ್ಟು ಶಕ್ತಿಯನ್ನು ನೂರರಿಂದ ಸೊನ್ನೆಯವರೆಗೆ ಅಳೆಯುವ ಕ್ರಮವೊಂದನ್ನು ಮಾಡಿದರು. ಅದರಲ್ಲಿ 80ಕ್ಕೂ 70ಕ್ಕೂ ನಡುವಿನ ಗಡಿಯೇ ದುಡಿಮೆ: ತನ್ನ ಆರೈಕೆ ತಾನು ಮಾಡಿಕೊಂಡರೂ ಶ್ರಮದ ಕೆಲಸ ಮಾಡಲಾರದವನಿಗೆ 70. ಆ ಅಳತೆ ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದು ರೋಗಿಯನ್ನು ಅಳೆಯುತ್ತದೆ. ಔಷಧದ ಪೆಟ್ಟನ್ನು ಅಳೆಯುವಾಗ ಆ ಪ್ರಶ್ನೆ ಕೈಬಿಟ್ಟುಹೋಗಿದೆ.

ನಮ್ಮ ದೇಶದ ಕಾನೂನಿಗೂ ಈ ಲೆಕ್ಕ ಗೊತ್ತಿತ್ತು. 1923ರಲ್ಲಿ ಬಂದು ಮುಂದೆ ತಿದ್ದುಪಡಿಗಳಾದ ಕಾರ್ಮಿಕ ಪರಿಹಾರ ಕಾನೂನಿನ ಪಟ್ಟಿಯಲ್ಲಿ, ಯಂತ್ರಕ್ಕೆ ಸಿಕ್ಕು ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30ರಷ್ಟು ನಷ್ಟ, ತೋರುಬೆರಳು ಪೂರ್ತಿ ಹೋದರೆ 14ರಷ್ಟು ನಷ್ಟ ಎಂದು ಬರೆದಿತ್ತು. ಆ ಅಂಕಿಗಳು ಸಾಲವೆಂದು ಜಗಳವಾಡಬಹುದು. ಆದರೆ ಬೆರಳಿನ ಬೆಲೆಯನ್ನು ಗಳಿಕೆಯಿಂದ ಅಳೆಯಬೇಕೆಂಬ ತತ್ವವನ್ನು ಕಾನೂನು ಒಪ್ಪಿತ್ತು. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್, ಸ್ತನದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟಾಕ್ಸೆಲ್ ಮುಂತಾದ ಔಷಧಗಳಿಂದ ನರಗಳಿಗೆ ಪೆಟ್ಟಾಗಿ ಹತ್ತು ಬೆರಳೂ ಜೋಮು ಹಿಡಿಯಬಹುದು. ಚಿಕಿತ್ಸೆ ಮುಗಿದು ತಿಂಗಳುಗಳು, ಕೆಲವರಿಗೆ ವರ್ಷಗಳು ಕಳೆದರೂ ಅದು ಹೋಗದು. ಕಂಡಿಯೊಳಗೆ ಎಳೆ ಪೋಣಿಸಲಾರದ ನೇಕಾರನೂ ಚಿಲ್ಲರೆ ನಾಣ್ಯವನ್ನು ಬೆರಳಿನಿಂದ ಗುರುತಿಸಲಾರದ ವ್ಯಾಪಾರಿಯೂ ತಮ್ಮ ಅಂಗಿಯ ಗುಂಡಿ ಹಾಕಿಕೊಳ್ಳುವವರೆಗೆ ಈ ಪಟ್ಟಿಯಲ್ಲಿ ‘ಮಧ್ಯಮ’ದಲ್ಲೇ ಉಳಿಯುತ್ತಾರೆ. ಬೇರೆ ರೋಗಿಗಳಿಗೆ ಅದು ಮಧ್ಯಮವಿರಬಹುದು. ಇವರಿಗೆ ಅದು ಕೆಲಸ ಹೋಗುವ ದರ್ಜೆ. ದಿನಕ್ಕೆ ಐದು ಸಲ ಹೆಚ್ಚಾಗಿ ಭೇದಿಗೆ ಹೋಗಬೇಕಾದವನನ್ನು ಯಾವ ಮೇಸ್ತ್ರಿ ಯಂತ್ರದ ಮುಂದೆ ಇಟ್ಟುಕೊಳ್ಳುತ್ತಾನೆ?

ಎಣಿಸಿದರೆ ಆಗುವ ಲಾಭ

ಎರಡನೆಯ ದರ್ಜೆಯನ್ನು ಲಕ್ಷ್ಯವಿಟ್ಟು ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನವಿದೆ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ಆರು ತಿಂಗಳು ಆಕ್ಸಾಲಿಪ್ಲಾಟಿನ್ ಸಹಿತ ಕಿಮೋ ಕೊಡುವುದು ರೂಢಿಯಾಗಿತ್ತು. ಹಲವು ದೇಶಗಳ ಆರು ಪ್ರಯೋಗಗಳನ್ನು ಕೂಡಿಸಿ, 12,834 ರೋಗಿಗಳಲ್ಲಿ ಮೂರು ತಿಂಗಳನ್ನೂ ಆರು ತಿಂಗಳನ್ನೂ ಹೋಲಿಸಿದ ವರದಿ 2018ರಲ್ಲಿ ಬಂದಿತು. ಎರಡನೆಯ ದರ್ಜೆ ಮತ್ತು ಅದಕ್ಕೂ ಮೇಲಿನ ನರಗಳ ತೊಂದರೆ ಆರು ತಿಂಗಳ ಗುಂಪಿನಲ್ಲಿ ನೂರಕ್ಕೆ 45ರಿಂದ 48 ಮಂದಿಗೆ. ಮೂರು ತಿಂಗಳ ಗುಂಪಿನಲ್ಲಿ 14ರಿಂದ 17 ಮಂದಿಗೆ ಮಾತ್ರ. ಎಲ್ಲ ರೋಗಿಗಳಿಗೂ ಮೂರು ತಿಂಗಳು ಸಾಕೆಂಬ ಖಚಿತ ತೀರ್ಮಾನ ಬರಲಿಲ್ಲ. ಆದರೆ ಅಪಾಯ ಕಡಿಮೆಯಿರುವ ರೋಗಿಗಳಿಗೆ ಒಂದು ಬಗೆಯ ಔಷಧ ಜೋಡಿಯಲ್ಲಿ ಮೂರು ತಿಂಗಳು ಆರು ತಿಂಗಳಿಗೆ ಸಮವೆಂದು ಕಂಡಿತು. ಮೂರನೆಯ ದರ್ಜೆಯನ್ನು ಮಾತ್ರ ನೋಡಿ ಎರಡನ್ನು ಬಿಟ್ಟಿದ್ದರೆ ಎಷ್ಟು ಕೈಗಳು ಉಳಿದವೆಂಬುದು ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ನಮ್ಮ ದೇಶದ್ದೇ ಇನ್ನೊಂದು ನಿದರ್ಶನ. ವಾಂತಿ ತಡೆಯಲು ಕೊಡುವ ಓಲಾಂಜಪಿನ್ ಮಾತ್ರೆಯಿಂದ ಹಗಲೆಲ್ಲ ಮಂಪರು ಬರುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ರೂಢಿಯ 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟು ನೋಡಿ 2024ರಲ್ಲಿ ಪ್ರಕಟಿಸಿದರು. ವಾಂತಿ ತಡೆಯುವುದರಲ್ಲಿ ಸಣ್ಣ ಪ್ರಮಾಣ ಹಿಂದೆ ಬೀಳಲಿಲ್ಲ; ತೀವ್ರ ಮಂಪರು ಮಾತ್ರ ನೂರರಲ್ಲಿ 40 ಮಂದಿಯಿಂದ 5ಕ್ಕೆ ಇಳಿಯಿತು. ಮಂಪರನ್ನು ‘ಅದೇನು ಮಹಾ’ ಎಂದು ತಳ್ಳಿಹಾಕದೆ ಎಣಿಸಿದ್ದರಿಂದ ಬಂದ ಲಾಭವಿದು.

ಹೀಗಿರುವಾಗ ಔಷಧ ಕಂಪನಿಗಳ ವರದಿಗಳಲ್ಲಿ ‘ಚೆನ್ನಾಗಿ ಸಹಿಸಲ್ಪಟ್ಟಿತು’ ಎಂಬ ವಾಕ್ಯವನ್ನು ಕಂಡಾಗ ಯಾರು ಸಹಿಸಿದರು ಎಂದು ನಾವು ಕೇಳಬೇಕು. ಹೊಸ ಔಷಧದ ಪ್ರಮಾಣವನ್ನು ಗೊತ್ತುಮಾಡುವ ಹಳೆಯ ಪದ್ಧತಿಯಲ್ಲಿ ಮುಖ್ಯವಾಗಿ ಎಣಿಕೆಗೆ ಬರುತ್ತಿದ್ದುದು ಮೊದಲ ಸುತ್ತಿನ ಮೂರು ನಾಲ್ಕು ವಾರಗಳಲ್ಲಿ ಕಾಣುವ ಮೂರನೆಯ ಮತ್ತು ನಾಲ್ಕನೆಯ ದರ್ಜೆಗಳು. ಈಗ ಎಷ್ಟೋ ಔಷಧಗಳು ದಿನವೂ ನುಂಗುವ ಮಾತ್ರೆಗಳು. ತಿಂಗಳುಗಟ್ಟಲೆ, ವರ್ಷಗಟ್ಟಲೆ ನುಂಗಬೇಕು. ಎಂಟು ತಿಂಗಳು ಬಿಡದೆ ಕಾಡುವ ಎರಡನೆಯ ದರ್ಜೆಯ ಭೇದಿ, ಎರಡು ದಿನದ ಮೂರನೆಯ ದರ್ಜೆಗಿಂತ ಹೆಚ್ಚಾಗಿ ಮನೆಯನ್ನು ಹಾಳುಮಾಡಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೇ ಈ ಪದ್ಧತಿಯನ್ನು ತಿದ್ದಬೇಕೆಂದು 2021ರಲ್ಲಿ ಕೆಲಸ ಆರಂಭಿಸಿತು.

ಬಾಯಿ ಬಿಡಬೇಕು, ಬರೆಯಿಸಬೇಕು

ಅಳತೆಗೋಲು ಎಷ್ಟು ಚೆನ್ನಾಗಿದ್ದರೂ ಹಿಡಿಯುವ ಕೈ ಡಾಕ್ಟರದು. ಇಟಲಿಯ ವೈದ್ಯರು ಮೂರು ಪ್ರಯೋಗಗಳ 1,090 ರೋಗಿಗಳ ಮಾತನ್ನೂ ಅವರ ಡಾಕ್ಟರುಗಳ ಬರಹವನ್ನೂ ಪಕ್ಕಪಕ್ಕ ಇಟ್ಟು ನೋಡಿ 2015ರಲ್ಲಿ ಪ್ರಕಟಿಸಿದರು. ವಾಕರಿಕೆ, ವಾಂತಿ, ಭೇದಿ ಮುಂತಾದ ಆರು ತೊಂದರೆಗಳಲ್ಲಿ, ರೋಗಿ ‘ಇದೆ’ ಎಂದದ್ದನ್ನು ಡಾಕ್ಟರು ಬರೆಯದೆ ಬಿಟ್ಟ ಪ್ರಮಾಣ ನೂರಕ್ಕೆ 40ರಿಂದ 74ರವರೆಗೆ ಇತ್ತು. ರೋಗಿ ‘ಬಹಳ ಇದೆ’ ಎಂದಾಗಲೂ 13ರಿಂದ 50ರಷ್ಟು ಬಿಟ್ಟುಹೋಗಿತ್ತು. ಇದು ಎಚ್ಚರದಿಂದ ನಡೆಯುವ ಪ್ರಯೋಗಗಳ ಕತೆ. ನೂರಾರು ಮಂದಿ ಕಾದು ನಿಂತಿರುವ ಹೊರರೋಗಿ ವಿಭಾಗದಲ್ಲಿ ಎರಡು ನಿಮಿಷದ ಭೇಟಿಯಲ್ಲಿ ಏನು ಬಿಟ್ಟುಹೋಗುತ್ತದೆಂದು ಓದುಗರೇ ಊಹಿಸಲಿ.

ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ಈಥನ್ ಬಾಷ್ ಮತ್ತು ಸಂಗಡಿಗರು 766 ರೋಗಿಗಳಲ್ಲಿ ಬೇರೆ ಕ್ರಮವನ್ನು ಪರೀಕ್ಷಿಸಿದರು. ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ತಾವೇ ಆಗಾಗ್ಗೆ ದಾಖಲು ಮಾಡುವುದು, ತೊಂದರೆ ಏರಿದರೆ ನರ್ಸಿಗೆ ಎಚ್ಚರಿಕೆ ಹೋಗುವುದು. ಇನ್ನೊಂದು ಗುಂಪಿಗೆ ವಾಡಿಕೆಯ ಆರೈಕೆ. 2017ರಲ್ಲಿ ಪ್ರಕಟವಾದ ಲೆಕ್ಕದಂತೆ, ವಾಡಿಕೆಯ ಗುಂಪಿನ ಮಧ್ಯಮಾಂಕದ ಆಯುಷ್ಯ 26 ತಿಂಗಳಾದರೆ, ತಾವೇ ದಾಖಲು ಮಾಡಿದವರದು 31.2 ತಿಂಗಳು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ; ರೋಗಿಯ ಮಾತನ್ನು ಬರೆದುಕೊಂಡು ಅದಕ್ಕೆ ಓಗೊಟ್ಟದ್ದರ ಫಲ ಐದು ತಿಂಗಳ ಆಯುಷ್ಯ! ಅಮೆರಿಕದ ಅದೇ ರಾಷ್ಟ್ರೀಯ ಸಂಸ್ಥೆ ಈಗ ರೋಗಿಯೇ ತುಂಬುವ ಪ್ರಶ್ನಾವಳಿಯೊಂದನ್ನು ಮಾಡಿದೆ. ಅದರಲ್ಲಿ 78 ತೊಂದರೆಗಳಿವೆ. ಎಷ್ಟು ಸಲ ಬಂತು, ಎಷ್ಟು ತೀವ್ರವಾಗಿತ್ತು ಎನ್ನುವುದರ ಜೊತೆಗೆ, ಕಳೆದ ಏಳು ದಿನಗಳಲ್ಲಿ ನಿಮ್ಮ ದಿನದ ಕೆಲಸಕಾರ್ಯಕ್ಕೆ ಎಷ್ಟು ಅಡ್ಡಿಯಾಯಿತು ಎಂದೂ ಹಲವು ತೊಂದರೆಗಳ ಬಗ್ಗೆ ಅದು ಕೇಳುತ್ತದೆ. ನಮಗೆ ಬೇಕಾದ ಪ್ರಶ್ನೆ ಇದೇ.

ಆದರೆ ನಮ್ಮ ಜನ ಬಾಯಿ ಬಿಡುವುದಿಲ್ಲ. ಹೇಳಿದರೆ ಔಷಧ ನಿಲ್ಲಿಸಿಬಿಡುತ್ತಾರೆಂಬ ಭಯ. ಧಣಿಗೆ ತಿಳಿದರೆ ಕೆಲಸದಿಂದ ತೆಗೆಯುತ್ತಾನೆಂಬ ಭಯ. ಭೇದಿಯ ಲೆಕ್ಕ ಹೇಳಲು ನಾಚಿಕೆ. ಮೊದಲನೆಯ ಭಯಕ್ಕೆ ಉತ್ತರವಿದೆ. ಕೆಪೆಸಿಟಬಿನ್ ಎಂಬ ಮಾತ್ರೆಯಿಂದ ಅಂಗೈ ಅಂಗಾಲು ಸುಲಿದು ನೋವಾಗಿ ಎರಡನೆಯ ದರ್ಜೆ ಮುಟ್ಟಿದರೆ, ಅದು ಇಳಿಯುವವರೆಗೆ ನಿಲ್ಲಿಸಿ ಮತ್ತೆ ಆರಂಭಿಸುವುದು, ಮೂರನೆಯ ದರ್ಜೆಗೆ ಹೋದರೆ ಮುಂದೆ ಪ್ರಮಾಣವನ್ನು ಕಡಿಮೆ ಮಾಡುವುದು ಕ್ರಮ. ಎಂದರೆ ಎರಡರಲ್ಲೇ ಹೇಳಿದವನ ಔಷಧ ಪೂರ್ಣವಾಗಿ ಉಳಿಯುವ ಸಂಭವ ಹೆಚ್ಚು. ಮುಚ್ಚಿಟ್ಟು ಮೂರಕ್ಕೆ ಹೋದವನದು ಕಡಿತವಾಗುತ್ತದೆ. ಡಾಕ್ಟರಿಗೆ ಹೇಳದೆ ತಾನಾಗಿಯೇ ಮಾತ್ರೆ ನಿಲ್ಲಿಸುವುದಂತೂ ಕೂಡದು.

ವ್ಯಾಪಾರಿಗಳಿಗೆ ಖಾತೆ ಬರೆಯುವುದನ್ನು ನಾವು ಕಲಿಸಬೇಕಾಗಿಲ್ಲ. ಮನೆಯಲ್ಲಿ ಒಬ್ಬರಿಗೆ ಚಿಕಿತ್ಸೆ ನಡೆಯುತ್ತಿದ್ದರೆ ಒಂದು ನೋಟುಪುಸ್ತಕದಲ್ಲಿ ದಿನವೂ ನಾಲ್ಕು ಸಾಲು ಬರೆಯಿರಿ: ಜ್ವರ ಎಷ್ಟು, ಭೇದಿ ವಾಂತಿ ಎಷ್ಟು ಸಲ, ಊಟ ಎಷ್ಟು ಸೇರಿತು, ಇವತ್ತು ಕೆಲಸಕ್ಕೆ ಹೋದದ್ದುಂಟೋ ಇಲ್ಲವೋ. ಡಾಕ್ಟರ ಮುಂದೆ ಅದನ್ನಿಟ್ಟು, ‘ಇದು ಎಷ್ಟನೆಯ ದರ್ಜೆ, ಚೀಟಿಯಲ್ಲಿ ಬರೆಯಿರಿ’ ಎಂದು ಕೇಳಿರಿ. ಕೇಳುವುದು ಉದ್ಧಟತನವಲ್ಲ, ಹಕ್ಕು.

ಸರಕಾರ ಮಾಡಬೇಕಾದದ್ದು

ಇ.ಎಸ್.ಐ. ಯೋಜನೆಯಲ್ಲಿ ಸಾಮಾನ್ಯ ಕಾಯಿಲೆಗೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುತ್ತದೆ. ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ, ಸೇವೆಯ ಷರತ್ತುಗಳು ಪೂರೈಸಿದ್ದರೆ, ಎರಡು ವರ್ಷದವರೆಗೆ ನೂರಕ್ಕೆ 80ರಷ್ಟು. ಇದು ಸಣ್ಣ ಸೌಲಭ್ಯವಲ್ಲ. ಅರಿಯದೆ ಬಿಟ್ಟುಕೊಡುವವರು ಇದನ್ನು ಕೇಳಿ ಪಡೆಯಬೇಕು. ಆದರೆ ಅಂಗಡಿಯವನಿಗೆ, ಸಂತೆಯ ವ್ಯಾಪಾರಿಗೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಕೂಲಿಗೆ ಇದಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚವನ್ನು ಹೊರುತ್ತದೆ. ಅದು ಆಸ್ಪತ್ರೆಯ ಬಿಲ್ಲನ್ನು ನೋಡುತ್ತದೆ; ಮುಚ್ಚಿದ ಅಂಗಡಿಯ ಬಾಗಿಲನ್ನು ನೋಡುವುದಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಇಷ್ಟು. ಒಂದು, ಕಿಮೋ ಕೊಡುವ ಪ್ರತಿಯೊಂದು ಸರಕಾರಿ ಆಸ್ಪತ್ರೆಯಲ್ಲಿ ಅಡ್ಡಪರಿಣಾಮದ ದರ್ಜೆಯನ್ನು ರೋಗಿಯ ಚೀಟಿಯಲ್ಲಿ, ಅವನಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡಬೇಕು. ಎರಡು, ‘ನಿಮ್ಮ ಕಸುಬು ಏನು, ಅದನ್ನು ಈಗ ಮಾಡಬಲ್ಲಿರಾ’ ಎಂಬ ಪ್ರಶ್ನೆ ಕಡ್ಡಾಯವಾಗಬೇಕು. ಅಳತೆಗೋಲಿನಲ್ಲಿ ‘ವಯಸ್ಸಿಗೆ ತಕ್ಕ’ ಎಂಬ ಮಾತೂ ‘ಇತ್ಯಾದಿ’ ಎಂಬ ಮಾತೂ ಇವೆ. ಕಸುಬನ್ನು ಅದರೊಳಗೆ ಸೇರಿಸಲು ವೈದ್ಯರಿಗೆ ಯಾವ ಅಡ್ಡಿಯೂ ಇಲ್ಲ. ಮೂರು, ಔಷಧದ ಪೆಟ್ಟಿನಿಂದ ಕಸುಬು ಕಳೆದುಕೊಂಡವನಿಗೆ, ಯಂತ್ರದ ಪೆಟ್ಟಿನಿಂದ ಬೆರಳು ಕಳೆದುಕೊಂಡವನಂತೆ, ಗಳಿಕೆಯ ನಷ್ಟದ ಲೆಕ್ಕದಲ್ಲಿ ನೆರವು ಸಿಗಬೇಕು. ಸಣ್ಣ ವ್ಯಾಪಾರಿಗೂ ಸಿಗಬೇಕು. ನಾಲ್ಕು, ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಚಿಕಿತ್ಸೆಯ ಕ್ಯಾನ್ಸರ್ ಕೇಂದ್ರಗಳನ್ನು ತೆರೆಯುವುದಾಗಿ ಕೇಂದ್ರ ಸರಕಾರ 2025–26ರ ಮುಂಗಡಪತ್ರದಲ್ಲಿ ಮಾತು ಕೊಟ್ಟಿದೆ. ಆ ಕೇಂದ್ರಗಳಲ್ಲಿ ಔಷಧ ಏರಿಸುವ ಕೈಯಷ್ಟೇ ಮುಖ್ಯವಾಗಿ, ರೋಗಿಯ ಮಾತನ್ನು ಕೇಳಿ ಬರೆದುಕೊಳ್ಳುವ ಒಬ್ಬ ನರ್ಸನ್ನೂ ರಾತ್ರಿ ಜ್ವರ ಬಂದರೆ ಕರೆಯಲು ಒಂದು ಟೆಲಿಫೋನನ್ನೂ ಇಡಬೇಕು.

ಈ ಕೆಲಸಕ್ಕೆ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಟ್ಟಾಗಿ ಮುಂದೆ ಬರಬೇಕು. ರೋಗಕ್ಕೆ ಗಿರಣಿಯವನು ಬೇರೆ, ಅಂಗಡಿಯವನು ಬೇರೆ ಎಂಬ ಭೇದವಿಲ್ಲ. ಸರಿಯಾದ ತಕ್ಕಡಿಗಾಗಿ ನಮ್ಮ ಹಿರಿಯರು ಜಗಳವಾಡಿದರು. ಈ ತಕ್ಕಡಿಯನ್ನೂ ನಾವು ಬಿಸುಡಬೇಕಾಗಿಲ್ಲ. ಅದರಲ್ಲಿ ದುಡಿಮೆಯ ತೂಕವನ್ನೂ ಇಡುವಂತೆ ಮಾಡಬೇಕಾಗಿದೆ.